ಹುಳದ ಮನೆಯ ಕಿಟಕಿ ಮುಚ್ಚಿದವನು

ವೈನಿ, ಆ ದಿನ ನೀವು ಕಿಟಕಿ ತೆರೆಯಲು ಮರೆತಿರಲಿಲ್ಲ. ಬೆಳಿಗ್ಗೆ ತೆರೆದಿಟ್ಟೇ ಹೋಗಿದ್ದಿರಿ. ಮುಚ್ಚಿದವನು ನಾನು — ಕುಕನೂರಿನ ಹೋಟೆಲಿನಲ್ಲಿ ಮಿರ್ಚಿ ತಿನ್ನುತ್ತ ಕೂತು, ಫೋನಿನ ಮೇಲೆ ಬೆರಳಿಟ್ಟು. ಎದುರಿಗೆ ನಿಂತು ಹೇಳುವ ಧೈರ್ಯ ಇಷ್ಟು ವರ್ಷ ಬರಲಿಲ್ಲ. ಅದಕ್ಕೇ ಮೊದಲು ಬರೆಯುತ್ತಿದ್ದೇನೆ.

ನಮ್ಮ ರೇಷ್ಮೆ ಹುಳದ ಮನೆಯನ್ನು ಕಟ್ಟಿಸಿದವನು ಅಣ್ಣ, ಅವನ ಕೈಹಿಡಿದು ಬಂದು ಅದಕ್ಕೆ ಜೀವ ಕೊಟ್ಟವರು ನೀವು. ಒಳಗೆ ಕಾಲಿಡುವ ಮೊದಲು ಹೊಸ್ತಿಲಲ್ಲಿ ಸುಮ್ಮನೆ ನಿಲ್ಲುತ್ತಿದ್ದಿರಿ. ಹುಳು ಸೊಪ್ಪು ಮೇಯುವ ಸದ್ದು ಕೇಳಿಯೇ ಅವಕ್ಕೆ ಹಿತವಾಗಿದೆಯೋ ಸೆಕೆಯಾಗಿದೆಯೋ ಹೇಳುತ್ತಿದ್ದಿರಿ. ಸುತ್ತಲಿನ ಊರುಗಳಲ್ಲಿ ಹೊಸದಾಗಿ ಹುಳು ತಂದವರು ಮೊದಲ ಸೊಪ್ಪು ಹಾಕಿಸಲು ನಿಮ್ಮನ್ನೇ ಕರೆಯುತ್ತಿದ್ದರು. ನಿಮ್ಮ ಕೈಗುಣದ ಮೇಲೆ ಅಷ್ಟು ನಂಬಿಕೆ. ನೀವೂ ಬೇಡವೆನ್ನದೆ, ಒಳ್ಳೆಯ ಇಳಕಲ್ ಸೀರೆ ಉಟ್ಟು, ಬೀಗತಿಯ ಗತ್ತಿನಲ್ಲಿ ಹೊರಡುತ್ತಿದ್ದಿರಿ. ನಾನು ರೇಗಿಸುತ್ತಿದ್ದೆ. ಒಳಗೊಳಗೆ ನನಗೂ ಹೆಮ್ಮೆ.

ಎತ್ತರದ ಕಿಟಕಿಗಳಿಗೆ ಮೋಟರ್ ಹಾಕಿಸೋಣ ಎಂದವನು ನಾನೇ. ಏಣಿ ಹತ್ತಿ ಇಳಿದು ನಿಮ್ಮ ಮೊಣಕಾಲು ನೋಯುತ್ತಿತ್ತು. ನಾನು ವೈರಿಂಗ್ ಕೆಲಸದವನು, ಆಯ್ಕೆಯನ್ನು ನನಗೇ ಬಿಟ್ಟಿರಿ. ಹುಬ್ಬಳ್ಳಿಯ ಅಂಗಡಿಯಲ್ಲಿ ಎರಡು ಬಗೆ ತೋರಿಸಿದರು. ಒಂದು ದಪ್ಪ ಸಲಾಕೆಯದು, ನೋಡಲು ಒರಟು. ಕರೆಂಟ್ ಹೋದರೆ ಹಿಡಿಕೆ ಸಿಕ್ಕಿಸಿ ಕೈಯಿಂದ ತಿರುಗಿಸಬಹುದು. ಇನ್ನೊಂದು ಬಿಳಿ, ಪುಟ್ಟದು; ಒಳಗಿನ ಸರಪಳಿ ಸದ್ದಿಲ್ಲದೆ ಕಿಟಕಿಯನ್ನು ನೂಕುತ್ತದೆ, ಯಾವ ಊರಲ್ಲಿದ್ದರೂ ಫೋನಿನಿಂದ ನಡೆಸಬಹುದು. ಕರೆಂಟಿಲ್ಲದಾಗ ಮಾತ್ರ ಕಲ್ಲಿನ ಹಾಗೆ ಕೂತುಬಿಡುತ್ತದೆ. ಅಂಗಡಿಯಿಂದಲೇ ನಿಮಗೆ ಫೋನ್ ಮಾಡಿದೆ. ನೀವು ಕೇಳಿದ್ದು ಒಂದೇ:

"ಕರೆಂಟ್ ಹೋದಾಗ ನನ್ನ ಕೈಲೆ ತೆಗಿಯಾಕ ಬರಬೇಕು ನೋಡಪಾ ಬಸು, ಅಷ್ಟ."

ಹೂಂ ಎಂದೆ. ಬಿಳಿಯದನ್ನು ತಂದೆ. ಹಿಡಿಕೆ ಎಲ್ಲಿ ಎಂದಾಗ, ಇಂಥದ್ದಕ್ಕೆ ಅದು ಬೇಕಾಗುವುದಿಲ್ಲ ಎಂದೆ — ನೀವು ನಂಬಿದಿರಿ.

ಆ ಬೇಸಿಗೆಯಲ್ಲಿ ಹುಳುಗಳು ಬಲಿತು ಇನ್ನೇನು ಗೂಡು ಕಟ್ಟುವುದರಲ್ಲಿದ್ದವು. ನೀವು ಮೊದಲ ಸೊಪ್ಪು ಹಾಕಲು ತಳಕಲ್ಲಿನ ಒಬ್ಬರ ಮನೆಗೆ ಹೋಗಿದ್ದಿರಿ, ಅಣ್ಣ ಹೊಲದಲ್ಲಿದ್ದ. ನಾನು ಗೆಳೆಯರ ಮುಂದೆ ಜಂಬ ಕೊಚ್ಚುತ್ತಿದ್ದೆ. ಇಲ್ಲಿಂದಲೇ ಕಿಟಕಿ ಮುಚ್ಚಿ ತೋರಿಸಲೇ ಎಂದು ಕೇಳಿ, ಮುಚ್ಚಿಯೂ ತೋರಿಸಿದೆ. ಕಿಟಕಿ ಮುಚ್ಚಿತು ಎಂದು ಫೋನಿನಲ್ಲಿ ಮೂಡಿದಾಗ ಎಲ್ಲರೂ ತಲೆದೂಗಿದರು. ಮತ್ತೆ ತೆರೆಯಲು ಒತ್ತಿದರೆ — ಏನೂ ಆಗಲಿಲ್ಲ. ಅಷ್ಟರಲ್ಲಿ ಊರಲ್ಲಿ ಕರೆಂಟ್ ಹೋಗಿತ್ತು. ಬಂದಾಗ ತೆರೆದರಾಯಿತು ಎಂದುಕೊಂಡು ಇನ್ನೊಂದು ಚಹಾ ಹೇಳಿದೆ. ಗಾಡಿ ಹತ್ತಬಹುದಿತ್ತು. ಅಣ್ಣನಿಗೊಂದು ಫೋನ್ ಮಾಡಬಹುದಿತ್ತು — ಮಾಡಿದರೆ, ಮುಚ್ಚಿದ್ದು ಯಾಕೆ ಎಂದು ಅವನು ಕೇಳುತ್ತಿದ್ದ.

ಸಂಜೆ ನೀವು ಮನೆಗೆ ಬಂದಾಗಲೂ ಕರೆಂಟ್ ಬಂದಿರಲಿಲ್ಲ. ನಾನು ತಲುಪಿದಾಗ ಹುಳುಗಳು ಕಾವಿಗೆ ಮೆತ್ತಗಾಗಿ ಬಿದ್ದಿದ್ದವು, ಹಾಕಿದ ಸೊಪ್ಪು ಹಾಗೇ ಇತ್ತು. ನೀವು ಅದೇ ಇಳಕಲ್ ಸೀರೆಯಲ್ಲಿ ಏಣಿಯ ಮೇಲೆ ನಿಂತು, ಸುತ್ತಿಗೆಯಿಂದ ಮೋಟರಿನ ಕೊಂಡಿಗಳನ್ನು ಮುರಿದು, ಒಂದೊಂದೇ ಕಿಟಕಿ ಬಿಡಿಸುತ್ತಿದ್ದಿರಿ. ಅಳಲಿಲ್ಲ, ಕೂಗಾಡಲಿಲ್ಲ. ಇಳಿದು ಬಂದವರೇ ಬದುಕಬಹುದಾದ ಹುಳುಗಳನ್ನು ಬೇರೆ ಮಾಡಲು ಕೂತಿರಿ. ಅಂಥ ಗಟ್ಟಿ ಜೀವವನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಇಂಥ ಮೋಟರ್ ತಂದದ್ದಕ್ಕೆ ಅಣ್ಣ ಸಿಟ್ಟಿನಿಂದ ನನ್ನ ಕಡೆ ತಿರುಗಿದ. ನೀವು ಅಡ್ಡ ಬಂದಿರಿ:

"ಬಸೂನ ಯಾಕ ಬೈತೀರಿ? ಮುಂಜಾನಿ ತೆಗದೀನಿ ಅಂತ ತಿಳಕೊಂಡಿದ್ದೆ, ಮರತೀನಿ ಕಾಣ್ತೈತಿ. ನನ್ನ ಕೈನ ಕೆಟ್ಟೈತಿ."

ಆಗ ನಾನು ಬಾಯಿ ಬಿಟ್ಟಿದ್ದರೆ —

ಬಿಡಲಿಲ್ಲ. ಕೈಗುಣವನ್ನು ಊರಿಗೆಲ್ಲ ಹಂಚಿ ಮನೆಯಲ್ಲಿ ಕಳೆದುಕೊಂಡಳು ಎಂದು ಜನ ಆಡಿಕೊಂಡಾಗಲೂ ಸುಮ್ಮನಿದ್ದೆ. ಮುಂದಿನ ಸಲವೇ ನೀವು ಮೊದಲಿನಂಥದೇ ಗೂಡು ತೆಗೆದಿರಿ. ಆದರೆ ಬೇರೆಯವರ ಮನೆಗೆ ಸೊಪ್ಪು ಹಾಕಲು ಹೋಗುವುದನ್ನು ಬಿಟ್ಟಿರಿ. ಈಗಲೂ ಎಲ್ಲಿಗಾದರೂ ಹೊರಟರೆ ಬಸ್‌ಸ್ಟ್ಯಾಂಡಿನ ತನಕ ಹೋಗಿ, ಕಿಟಕಿ ತೆರೆದಿದೆಯೋ ಇಲ್ಲವೋ ಎಂದು ನೋಡಲು ತಿರುಗಿ ಬರುತ್ತೀರಿ. ಹುಳು ಹೋದದ್ದು ಒಂದು ಬೆಳೆ. ನಿಮ್ಮ ನೆನಪಿನ ಮೇಲೆ ನಿಮಗೇ ನಂಬಿಕೆ ಹೋಯಿತಲ್ಲ, ಅದು ನಾನು ಮಾಡಿದ್ದು.

ಮೊನ್ನೆ ಹಿಡಿಕೆ ಇರುವ ಮೋಟರುಗಳನ್ನೇ ತಂದು ಕೂರಿಸಿದೆ. ನೀವು ತಿರುಗಿಸಿ ನೋಡಿ, ಛಲೋ ಆರಿಸಿದಿ ಎಂದು ನನ್ನನ್ನು ಹೊಗಳಿದಿರಿ. ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ, ವೈನಿ.

ತಳಕಲ್ಲಿನ ಅದೇ ಮನೆಗೆ ನಾಳೆ ಹೊಸ ಹುಳು ಬರುತ್ತವೆ. ಮೊದಲ ಸೊಪ್ಪು ಹಾಕಲು ಬೇರೆ ಯಾರನ್ನೋ ಕರೆದಿದ್ದಾರಂತೆ. ಈ ಸಂಜೆ ಇದನ್ನು ನಿಮ್ಮ ಎದುರು ಕೂತು ಓದುತ್ತೇನೆ. ನಾಳೆ ಅಲ್ಲಿಗೆ ಹೋಗಿ, ಹೆಣ್ಣುಮಕ್ಕಳೆಲ್ಲ ಅಂಗಳದಲ್ಲಿ ಸೇರಿರುವಾಗಲೇ ಹೇಳುತ್ತೇನೆ. ಕ್ಷಮಿಸಿ ಎಂದು ನಿಮ್ಮನ್ನು ಕೇಳುವುದಿಲ್ಲ. ಅವತ್ತು ನೀವು ಕಿಟಕಿ ತೆರೆದಿಟ್ಟೇ ಅವರ ಮನೆಗೆ ಹೋಗಿದ್ದಿರಿ ಎಂಬುದು ಅವರೆಲ್ಲರಿಗೂ ಗೊತ್ತಾಗಬೇಕು.