ಎರಡು ನಿಮಿಷದ ಅಲ್ಪಸಂಖ್ಯಾತ

ಚಿಕ್ಕಬಳ್ಳಾಪುರದ ನಮ್ಮ ಲಾ ಕಾಲೇಜಿನಲ್ಲಿ ಅಂತರರಾಷ್ಟ್ರೀಯ ಕಾನೂನು ಕಲಿಸುತ್ತಿದ್ದ ಮೇಷ್ಟ್ರು ಬಹಳ ಒಳ್ಳೆಯವರು. ಒಳ್ಳೆಯವರನ್ನು ಅಣಕಿಸುವುದು ಸುಲಭ. ಮಾತು ಶುರು ಮಾಡುವ ಮೊದಲು ಕನ್ನಡಕ ತೆಗೆದು, ಲೋಕಕ್ಕೆಲ್ಲ ಸಮಾಧಾನ ಹೇಳುವವರಂತೆ ಕಣ್ಣು ಮುಚ್ಚಿ, "ನೋಡ್ರಪ್ಪ" ಎನ್ನುತ್ತಿದ್ದರು. ಒಮ್ಮೆ ಕ್ಯಾಂಟೀನಿನಲ್ಲಿ ನಾನಿದನ್ನು ಮಾಡುತ್ತಿದ್ದಾಗ ಅವರೇ ಹಿಂದೆ ನಿಂತು ನೋಡಿ, "ಕಣ್ಣು ಇನ್ನೂ ಸ್ವಲ್ಪ ಮುಚ್ಬೇಕಪ್ಪ" ಎಂದು ತಿದ್ದಿ ಹೋದರು. ಅಣಕ ಬಿಟ್ಟರೆ ನನಗೆ ಬರುತ್ತಿದ್ದ ಇನ್ನೊಂದೇ ವಿದ್ಯೆ, ಹಾಜರಿ ಕೂಗುವಾಗ ಬಾರದವರ ದನಿಯಲ್ಲಿ "ಎಸ್ ಸಾರ್" ಎನ್ನುವುದು.

ಅಲ್ಪಸಂಖ್ಯಾತರ ರಕ್ಷಣೆಯ ಪಾಠ ಮುಗಿದ ಮೇಲೆ ಮೇಷ್ಟ್ರು ಒಂದು ಅಣಕು ಸಭೆ ಇಟ್ಟರು. ನಾವೆಲ್ಲ ಒಂದೊಂದು ದೇಶ; ಒಬ್ಬರು ಮಾತ್ರ ಅಲ್ಪಸಂಖ್ಯಾತರ ಪ್ರತಿನಿಧಿ. ದೇಶಗಳಿಗೆ ವಾದ, ಪ್ರತಿವಾದ, ಅಡ್ಡಪ್ರಶ್ನೆ ಎಲ್ಲವೂ ಉಂಟು. ಅಲ್ಪಸಂಖ್ಯಾತರು ಎರಡು ನಿಮಿಷ ಅಳಲು ತೋಡಿಕೊಂಡು, ಕೇಳಿದ್ದಕ್ಕೆ ಉತ್ತರ ಹೇಳಿ ಕೂರಬೇಕು. ಜಗತ್ತು ನಡೆಯುವುದೂ ಹೀಗೆಯೇ ಆದ್ದರಿಂದ ನಮಗಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಅಡ್ಡಪ್ರಶ್ನೆಯಲ್ಲಿ ಗೆದ್ದ ಒಬ್ಬರಿಗೆ ಬೆಂಗಳೂರಿನ ಅಂತರಕಾಲೇಜು ಸ್ಪರ್ಧೆಗೆ ಸೀಟು.

ಆ ಸೀಟು ಶಿಡ್ಲಘಟ್ಟದಿಂದ ಬರುತ್ತಿದ್ದ ನನ್ನ ಗೆಳತಿಗೆ ಬೇಕಾಗಿತ್ತು. ಅವಳ ಮನೆಯವರು ರೇಷ್ಮೆ ನೂಲು ತೆಗೆಯುತ್ತಾರೆ, ಉರ್ದು ಮಾತಾಡುತ್ತಾರೆ. ಜಗಳ ಮಾತ್ರ ಅವಳದು ಅಪ್ಪಟ ಕನ್ನಡದಲ್ಲಿ. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದವರು ಅವಳನ್ನು ಕಂಡರೆ ತಾವಾಗಿಯೇ ಎತ್ತಿಕೊಳ್ಳುತ್ತಿದ್ದರು. ಆದರೆ ಕಾಲೇಜಿಗೆ ಅವಳು ಸೌಹಾರ್ದ ಭಾಷಣದ ಖಾಯಂ ಹುಡುಗಿ. ರಾಜ್ಯೋತ್ಸವವಿರಲಿ, ಸ್ವಾತಂತ್ರ್ಯ ದಿನವಿರಲಿ, ಅವಳ ಕೈಗೊಂದು ಗುಲಾಬಿ, ಎರಡು ನಿಮಿಷ ಮೈಕು, ಕೊನೆಗೆ ಯಾರಾದರೊಬ್ಬ ಅತಿಥಿಯ "ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀಯಮ್ಮ". ಶಿಡ್ಲಘಟ್ಟದಲ್ಲಿ ಹುಟ್ಟಿದವಳು ಫ್ರೆಂಚ್ ಮಾತಾಡಬೇಕಿತ್ತೇನೋ.

ಪಾತ್ರ ಹಂಚುವ ದಿನ ಮೇಷ್ಟ್ರು ಕನ್ನಡಕ ತೆಗೆದರು. "ನೋಡ್ರಪ್ಪ, ಅಲ್ಪಸಂಖ್ಯಾತರ ಪ್ರತಿನಿಧಿ ನಮ್ಮ ಹುಡುಗೀನೇ ಆಗ್ಲಿ. ಅನುಭವದಿಂದ ಮಾತಾಡ್ತಾಳೆ. ಇನ್ನು ದೊಡ್ಡ ದೇಶ..." ಬೆರಳು ನನ್ನತ್ತ ತಿರುಗಿತು. ಮಂಡಿಕಲ್ ಕಡೆ ದ್ರಾಕ್ಷಿ ತೋಟ ಇರುವ ಮನೆಯ ಹುಡುಗನಿಗೆ ದೊಡ್ಡ ದೇಶವಾಗುವ ಅನುಭವ ಹುಟ್ಟಿನಿಂದಲೇ ಬಂದಿರುತ್ತದೆ ಎಂದುಕೊಂಡಿರಬೇಕು.

ಅವಳು ಎದ್ದು ನಿಂತಳು. "ಸಾರ್, ನೀವು ಪಾಠ ಮಾಡಿದ ವಿಶ್ವಸಂಸ್ಥೆ ಘೋಷಣೇಲಿ ಒಂದು ಮಾತಿದೆ. ಅಲ್ಪಸಂಖ್ಯಾತರು ತಮ್ಮ ಹಕ್ಕು ಬಳಸಿದ್ರೂ ಸರಿ, ಬಳಸದೆ ಇದ್ರೂ ಸರಿ, ಅದ್ರಿಂದ ಅವ್ರಿಗೆ ನಷ್ಟ ಆಗ್ಬಾರ್ದು ಅಂತ."

"ಹೌದು ಕಣಮ್ಮ."

"ಇವತ್ತು ನಾನು ಬಳಸ್ತಾ ಇಲ್ಲ ಸಾರ್. ನಂಗೆ ದೊಡ್ಡ ದೇಶ ಕೊಡಿ."

"ಮತ್ತೆ ಆ ಪಾತ್ರ ಯಾರು ಮಾಡ್ತಾರಮ್ಮ?"

"ಇವ್ನೇ," ಎಂದು ನನ್ನನ್ನು ತೋರಿಸಿದಳು. "ಇವ್ರ ಮನೇಲಿ ತೆಲುಗು. ಭಾಷೆ ಲೆಕ್ಕದಲ್ಲಿ ಇವ್ನೂ ಅಲ್ಪಸಂಖ್ಯಾತನೇ."

ಕ್ಲಾಸು ನಕ್ಕಿತು. ನಮ್ಮಜ್ಜಿ ಎಮ್ಮೆಯನ್ನೂ ನನ್ನನ್ನೂ ತೆಲುಗಿನಲ್ಲೇ ಬೈಯುವುದು ನಿಜ. ಆದರೆ ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಎಷ್ಟೋ ಮನೆಗಳಲ್ಲಿ ಬೈಗುಳ ತೆಲುಗಿನದೇ. ಅದಕ್ಕಾಗಿ ಯಾರೂ ನನಗೆ ಗುಲಾಬಿ ಕೊಟ್ಟಿರಲಿಲ್ಲ.

"ಏನ್ ತಾಯಿ, ನಾನು ಅಲ್ಪಸಂಖ್ಯಾತನಾ?" ಎಂದೆ.

"ಎರಡು ನಿಮಿಷ ಕಣೋ, ಸತ್ತೋಗಲ್ಲ."

ಸಭೆಯ ದಿನ ಅಜ್ಜಿಯ ದನಿಯಲ್ಲಿ ಅಳಲು ತೋಡಿಕೊಂಡೆ. ನಮ್ಮ ಭಾಷೆಗೆ ಶಾಲೆಯಿಲ್ಲ, ನಮ್ಮ ಹಾಡು ಕೇಳುವವರಿಲ್ಲ, ಎಮ್ಮೆಗೂ ಈಗ ಕನ್ನಡ ಕಲಿಸಬೇಕಾಗಿದೆ ಎಂದೆ. ಒಳ್ಳೆಯ ಚಪ್ಪಾಳೆ ಬಿತ್ತು.

ಆಮೇಲೆ ದೊಡ್ಡ ದೇಶ ಎದ್ದಿತು. ಇಲ್ಲದ ಕನ್ನಡಕ ತೆಗೆದು, ಕಣ್ಣು ಮುಚ್ಚಿತು. ಸರಿಯಾಗಿ ಬೇಕಾದಷ್ಟೇ ಮುಚ್ಚಿತು.

"ನೋಡಪ್ಪ, ನಿಮ್ಮನ್ನ ನಾವು ಯಾವತ್ತಾದ್ರೂ ಬೇರೆ ಅಂತ ನೋಡಿದೀವಾ?"

"ಹಾಗಲ್ಲ, ಆದ್ರೆ..."

"ನಿಮ್ಮ ಹಬ್ಬಕ್ಕೆ ಬಂದು ಊಟ ಮಾಡಿಲ್ವಾ?"

"ಮಾಡಿದೀರಿ."

"ಮತ್ತೆ ಕಾನೂನು ಯಾಕಪ್ಪ ಮಧ್ಯೆ? ನೀನಂತೂ ಬಿಡು, ನೀನು ಅವ್ರ ಥರ ಅಲ್ಲ."

"ಯಾರ ಥರ?"

"ನಿಮ್ಮೋರ ಥರ. ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀಯ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಣಕ ನನ್ನ ಕಸುಬು ಎಂದುಕೊಂಡಿದ್ದೆ. ಇಷ್ಟು ವರ್ಷ ಗುಲಾಬಿ ಹಿಡಿದು ನಿಂತು ಕೇಳಿಸಿಕೊಂಡಿದ್ದನ್ನು ಅವಳು ಒಂದಕ್ಷರ ಬಿಡದೆ ಒಪ್ಪಿಸಿದ್ದಳು.

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವರು ಮೇಷ್ಟ್ರೇ. "ಅದ್ಭುತ ಕಣಮ್ಮ. ಈ ಮಾತೆಲ್ಲ ಎಲ್ಲಿಂದ ತಂದೆ?"

"ಕಾಲೇಜಿಂದಾನೇ ಸಾರ್."

ಮೇಷ್ಟ್ರು ಕನ್ನಡಕ ಹಾಕಿಕೊಂಡರು, ಮತ್ತೆ ತೆಗೆದರು, ಒರೆಸಿದರು. ಸೀಟು ಅವಳಿಗೇ ಕೊಟ್ಟರು.

ಸ್ಪರ್ಧೆಯ ದಿನವೇ ನಮ್ಮಲ್ಲೊಂದು ಸೌಹಾರ್ದ ಕಾರ್ಯಕ್ರಮ ಬಿತ್ತು. ಖಾಯಂ ಹುಡುಗಿ ಬೆಂಗಳೂರಿನಲ್ಲಿ ಯಾರನ್ನೋ ಅಡ್ಡಪ್ರಶ್ನೆಯಲ್ಲಿ ಅರೆಯುತ್ತಿದ್ದಳು. ಮೇಷ್ಟ್ರು ವರಾಂಡದಲ್ಲಿ ಆ ಕಡೆ ಈ ಕಡೆ ನೋಡುತ್ತ ಬಂದು ನನ್ನೆದುರು ನಿಂತರು.

"ನೋಡಪ್ಪ, ನಿಮ್ಮನೇಲಿ ತೆಲುಗು ಅಲ್ವಾ? ಎರಡೇ ನಿಮಿಷ."

ಆ ಗುಲಾಬಿಯ ಮುಳ್ಳನ್ನು ಯಾರೂ ತೆಗೆದಿರುವುದಿಲ್ಲ. ಇಷ್ಟು ವರ್ಷ ಹಿಡಿದವಳು ಒಂದು ಮಾತು ಹೇಳಬಹುದಿತ್ತು.