ಔಷಧಿ ಡ್ರೋನಿನ ಮುರುಗೇಂದ್ರಪ್ಪನವರು
ಜಡೆ ಊರಿನ ಮುರುಗೇಂದ್ರಪ್ಪನವರು, ವಯಸ್ಸು ನಲವತ್ತಾರು, ಹೆಂಡತಿ ಗಂಗಾಶ್ರೀ, ಇಬ್ಬರು ಹೆಣ್ಣುಮಕ್ಕಳು. ಸೊರಬದಿಂದ ಶಿಕಾರಿಪುರದವರೆಗೆ ಗದ್ದೆಗಳಿಗೆ ಡ್ರೋನಿನಿಂದ ಔಷಧಿ ಹೊಡೆಯುವ ಇವರಿಗೆ ಎಲ್ಲದರ ಮೇಲೂ ಅನುಮಾನ. ಗಾಳಿಯಿಲ್ಲವೆಂದು ರಿಮೋಟಿನ ಪರದೆ ಹೇಳಿದರೆ ಒಣಹುಲ್ಲು ತೂರಿ ನೋಡುತ್ತಾರೆ. ತುಂಬಿದ ಬ್ಯಾಟರಿಯನ್ನು ಸಿಕ್ಕಿಬಿದ್ದ ಕಳ್ಳನನ್ನು ನೋಡುವಂತೆ ದಿಟ್ಟಿಸುತ್ತಾರೆ. ಕರೆಂಟಿನ ತಂತಿ ಇಲ್ಲವೆಂದು ಗದ್ದೆಯವರು ಆಣೆಯಿಟ್ಟರೂ ಬದುವೆಲ್ಲ ಸುತ್ತಿ ಬರುತ್ತಾರೆ. "ಏನ್ರೀ, ಔಷಧಿ ಹೊಡ್ಯಾಕ ಬಂದೀರೋ, ಹೆಣ್ಣು ನೋಡಾಕ ಬಂದೀರೋ?" ಎಂದು ಶಿಕಾರಿಪುರದವರು ಕೆಣಕಿದರೂ ನಗುವುದಿಲ್ಲ. ಆ ಅನುಮಾನವೆಲ್ಲ ಅವರಿಗೆ ತಮ್ಮ ಕೈಗಳ ಮೇಲೆಯೇ ಎಂಬುದು ಗಂಗಾಶ್ರೀಗೆ ಮಾತ್ರ ಗೊತ್ತು. ಅವರೊಡನೆಯೇ ಹಾರಿಸಲು ಕಲಿತ ಆಕೆ ಗದ್ದೆಯಾಚೆಯ ಬದುವಿನಲ್ಲಿ ನಿಂತು, ಡ್ರೋನು ಯಾವುದಕ್ಕೂ ತಾಗದಂತೆ ಕಾವಲು ಕಾಯುತ್ತಾಳೆ. ಡ್ರೋನು ಹಾರಿಸುವವರತ್ತ ಮುಖ ಮಾಡಿದಾಗ ರಿಮೋಟಿನ ಎಡಬಲ ಅದಲುಬದಲಾಗುತ್ತದೆ. ಕಳೆದ ಬೆಳೆಯಲ್ಲಿ ಅದನ್ನು ಮರೆತು, ಆಕೆಯಿಂದ ದೂರಕ್ಕೆಂದು ಅವರು ತಳ್ಳಿದ ರಿಮೋಟಿನ ಕಡ್ಡಿ ಡ್ರೋನನ್ನು ಆಕೆಯ ಮೇಲೆಯೇ ತಂದಿತ್ತು. ರೆಕ್ಕೆ ಸೆರಗನ್ನು ಸೀಳಿತ್ತು. ಇಂದು ಬೆಳಿಗ್ಗೆ ಅವರು ರಿಮೋಟನ್ನು ಆಕೆಗೆ ಕೊಟ್ಟರು. "ಇನ್ಮೇಲೆ ನೀನೇ ಹಾರ್ಸು. ಅಲ್ಲಿ ನಾನು ನಿಲ್ತೀನಿ." "ನಂಗೂ ಕೈ ತಪ್ಪಿದ್ರೆ ಏನ್ರೀ ಮಾಡೋದು?" "ತಪ್ಪಿದ್ರೆ ನನ್ ಮೇಲೆ ಬರ್ಲಿ ಬಿಡು." ಹಾಗೆಂದು ಬದುವಿನತ್ತ ನಡೆದರು. ಹಿಂದೆ ಬಿಟ್ಟುಹೋದದ್ದು: ಒಂದು ಕೊಡೆ, ಅರ್ಧ ಕುಡಿದ ಮಜ್ಜಿಗೆ, ಕೆಸರಿಗೆ ಅಂಜಿ ಕಳಚಿದ ಚಪ್ಪಲಿ, ರಿಮೋಟಿನ ಮೇಲೆ ಇನ್ನೂ ಆರದ ಅಂಗೈ ಬೆವರು.