ಮನಿಗೆ ನಾತ ಬರತೈತಿ

ನಮ್ಮ ಮಾವನವರ ಮೂಗು ಎಡಕ್ಕೆ ವಾಲಿತ್ತು. ಪ್ರಾಯದಲ್ಲಿ ಒಂದು ಎಮ್ಮೆ ಕೋಡು ಬೀಸಿ ಮುರಿದಿತ್ತಂತೆ. ಆ ಮುರಿದ ಮೂಗನ್ನೇ ಅವರು ಜೀವನವಿಡೀ ನಂಬಿದರು. ನೆಟ್ಟಗಿದ್ದ ಮನುಷ್ಯರನ್ನು ನಂಬಲಿಲ್ಲ. ಹಾಲು ಕರೆದ ಕೊಡ, ಹಿಂಡಿಯ ಚೀಲ, ಹೊಲದಿಂದ ತಂದ ಕಬ್ಬಿನ ಸೋಗೆ, ಬೀಗರು ತಂದ ಪೇಡೆಯ ಡಬ್ಬಿ, ಎಲ್ಲವನ್ನೂ ಮೂಸಿ ನೋಡಿದ ಮೇಲೆಯೇ ಒಳಗೆ ಬಿಡುತ್ತಿದ್ದರು. "ಕಣ್ಣ ಸುಳ್ಳ ಹೇಳ್ತಾವು, ಕಿವಿ ಚಾಡಿ ಹೇಳ್ತಾವು. ಮೂಗ ಒಂದs ನಿಯತ್ತಿಂದು," ಎನ್ನುವುದು ಅವರ ಮಾತು.

ನಾನು ಗದಗ ಕಡೆಯವಳು. ಕರೋಶಿ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದಾಗ ನನಗೆ ಮರಾಠಿಯ ಗಂಧಗಾಳಿ ಇರಲಿಲ್ಲ. ಮಾವನವರು ಎಮ್ಮೆಗಳ ಜೊತೆ ಮರಾಠಿ, ಬೀರಪ್ಪ ದೇವರ ಜೊತೆ ಕನ್ನಡ, ಅತ್ತೆಯ ಜೊತೆ ಎರಡನ್ನೂ ಕಲಸಿ ಮಾತಾಡುತ್ತಿದ್ದರು. ನನ್ನ ಜೊತೆ ಮಾತೇ ಕಡಿಮೆ. ಅನುಮಾನ ಹುಟ್ಟಲು ಇನ್ನೇನು ಬೇಕು?

ಬಂದ ಹೊಸದರಲ್ಲಿ, ಆಸ್ಪತ್ರೆಯ ನರ್ಸ್ ಕೆಲಸ ಮುಗಿಸಿಕೊಂಡು ಒಂದು ಸಂಜೆ ಸೀದಾ ಕೊಟ್ಟಿಗೆಗೆ ಹೋದೆ. ಅವರು ಹಾಲು ಕರೆಯುತ್ತಿದ್ದರು. ಎಮ್ಮೆ ನನ್ನನ್ನು ಕಂಡದ್ದೇ ಬುಸುಗುಟ್ಟಿ ಕಾಲು ಝಾಡಿಸಿತು, ಹಾಲು ಇಳಿಸಲಿಲ್ಲ. ಮಾವನವರು ಗಾಳಿಯನ್ನೊಮ್ಮೆ ಮೂಸಿ, "ನೀ ಇತ್ತ ಬರಬ್ಯಾಡವಾ," ಎಂದರು. ಯಾಕೆಂದು ಹೇಳಲಿಲ್ಲ. ನಾನು ಅದನ್ನು ಮನಸ್ಸಿನಲ್ಲಿಟ್ಟುಕೊಂಡೆ.

ಅಮವಾಸ್ಯೆಯ ಹಾಲನ್ನು ಅವರು ಡೇರಿಗೆ ಹಾಕುತ್ತಿರಲಿಲ್ಲ. ಎಮ್ಮೆಗಳ ಹಣೆಗೆ ಬೀರಪ್ಪನ ಭಂಡಾರದ ಅರಿಷಿಣ ಹಚ್ಚಿ, ಬಾಣಂತಿಯರಿರುವ, ದನ ಇಲ್ಲದ ಮನೆಗಳಿಗೆ ತಾವೇ ಕೊಡ ಹೊತ್ತು ಹೋಗಿ ಹಾಲು ಹಾಕಿ ಬರುತ್ತಿದ್ದರು. ಜಾತಿ ಕೇಳುತ್ತಿರಲಿಲ್ಲ. ಈ ಕಾಲದಲ್ಲಿ ಪುಕ್ಕಟೆ ಹಾಲು ಯಾರು ಹಂಚುತ್ತಾರೆ? "ನಿಮ್ಮ ಮಾವ ಪಂಚಾಯ್ತಿಗೆ ನಿಲ್ಲಾಂವ ಅದಾನ, ನೋಡಕೋಂತ ಇರ್ರಿ," ಎಂದು ಪಕ್ಕದ ಮನೆಯ ಕಾಕು ಕಿವಿಯಲ್ಲಿ ಊದಿದಳು. ನಾನು ನಂಬಿದೆ. ಚುನಾವಣೆ ಬಂತು, ಹೋಯಿತು; ಅವರು ನಿಲ್ಲಲಿಲ್ಲ. ಮುಂದಿನ ಸಲ ನಿಲ್ಲುತ್ತಾರೆ ಎಂದುಕೊಂಡೆ.

ನಾನು ಏಳು ತಿಂಗಳ ಬಸುರಿ, ಕುಬಸದ ಶಾಸ್ತ್ರ ಮುಗಿದಿತ್ತು. ಹೆರಿಗೆಗೆ ಕರೆದೊಯ್ಯಲು ಅಣ್ಣ ಬರುವುದಿತ್ತು. ಅವತ್ತು ರಾಯಬಾಗದ ಕಡೆಯ ಎಮ್ಮೆ ವ್ಯಾಪಾರಿಯೊಬ್ಬ ಬಂದು, ಚೊಚ್ಚಲು ಈದ ಕರಿ ಎಮ್ಮೆಯನ್ನು ಕೊಡಿ ಎಂದು ಗಂಟುಬಿದ್ದಿದ್ದ. ಅಡುಗೆಮನೆಯ ಕಿಟಕಿ ಕೊಟ್ಟಿಗೆಗೇ ತೆರೆಯುತ್ತದೆ. ಮಾವನವರ ಮಾತು ನೆಟ್ಟಗೆ ನನ್ನ ಕಿವಿಗೆ ಬಿತ್ತು: "ಈ ಎಮ್ಮಿ ಕೊಡೂದಿಲ್ಲಪಾ. ಸೊಸಿ ಬಂದ್ಳು, ಇನ್ನ ಮನಿಗೆ ನಾತ ಬರತೈತಿ."

"ಬರ್ಲಿ ಬರ್ಲಿ, ಚಲೋ ಆತು!" ಎಂದು ವ್ಯಾಪಾರಿ ನಕ್ಕ. ಮಾವನವರೂ ನಕ್ಕರು.

ಸೊಸೆ ಬಂದಳು, ಮನೆ ನಾರುತ್ತದೆ! ಕೊಟ್ಟಿಗೆಗೆ ಬರಬೇಡ ಎಂದದ್ದರ ಅರ್ಥ ಈಗ ಸಿಕ್ಕಿತು. ತವರಿಗೆ ಹೋದವಳು ಮಗುವನ್ನೆತ್ತಿಕೊಂಡು ಈ ಹೊಸ್ತಿಲು ಮತ್ತೆ ತುಳಿಯುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದೆ. ಸ್ವೆಟರು, ಶಾಲುಗಳನ್ನೆಲ್ಲ ಟ್ರಂಕಿಗೆ ತುಂಬಿದೆ. "ಬ್ಯಾಸಗ್ಯಾಗ ಸ್ವೆಟರ್ ಯಾಕ?" ಎಂದು ನನ್ನ ಗಂಡ ಕೇಳಿದರು. ಅವರಿಗೂ ಎಲ್ಲ ಗೊತ್ತಿದ್ದೇ ನಾಟಕ ಮಾಡುತ್ತಿದ್ದಾರೆ ಅನಿಸಿ ಟ್ರಂಕಿಗೆ ಬೀಗ ಹಾಕಿದೆ.

ಹೊರಡುವಾಗ ಕಾಲಿಗೆ ಬಿದ್ದೆ. ಮಾವನವರು ಬಗ್ಗಿ ಹಣೆಗೆ ಭಂಡಾರ ಹಚ್ಚುತ್ತ, ಅಭ್ಯಾಸಬಲದಿಂದ ಒಮ್ಮೆ ಮೂಸಿದರು. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಯಾಕ್ರಿ ಮಾವಾರ, ನಾತ ಬರಾಕತ್ತೇತೇನು?"

ಅವರು ಕಣ್ಣು ಬಿಟ್ಟರು. "ಈಗs ಎಲ್ಲಿಂದ ಬರತೈತವಾ? ಇನ್ನ ಎರಡ ತಿಂಗಳ ಐತೆಲ್ಲ!"

ಅಣ್ಣ ಬೆಪ್ಪಾಗಿ ನಿಂತ. ನಾನು ಅಳುತ್ತ ಕಿಟಕಿಯ ಕತೆಯನ್ನೆಲ್ಲ ಹೇಳಿದೆ. ಅತ್ತೆ ನಗು ತಡೆಯಲಾರದೆ ಕಟ್ಟೆಯ ಮೇಲೆ ಕುಸಿದು ಕುಳಿತರು. "ಹುಚ್ಚವ್ವಾ, ನಾತ ಅಂದ್ರ ಮರಾಠಿ ಮಂದಿಗೆ ಮೊಮ್ಮಗಳು! ಹೆಣ್ಣ ಕೂಸs ಬರ್ಲಿ ಅಂತ ಬೀರಪ್ಪಗ ಬೇಡಕೊಂಡಾರ ಇವ್ರು. ಆ ಕರಿ ಎಮ್ಮಿ ಹಾಲು ಅದಕ್ಕs ಅಂತ ಇಟ್ಟಾರ."

"ಮತ್ತ ಕೊಟ್ಟಿಗಿಗೆ ಬರಬ್ಯಾಡ ಅಂದ್ರೆಲ್ಲ?"

"ನಿನ್ನ ಮೈಗೆ ದವಾಖಾನಿ ವಾಸ್ನಿ ಐತಿ. ಸೂಜಿ ಚುಚ್ಚಾಂವ ಬಂದ ಅಂತ ಎಮ್ಮಿ ಹೆದರ್ತಾವು," ಎಂದರು ಮಾವನವರು, ತಪ್ಪೆಲ್ಲ ಎಮ್ಮೆಗಳದೇ ಎಂಬಂತೆ.

ಹೆಣ್ಣುಮಗುವೇ ಹುಟ್ಟಿತು. ಸ್ವೆಟರುಗಳೂ ವಾಪಸ್ ಬಂದವು. ಆದರೆ ನನಗೆ ಹೊಸ ಅನುಮಾನ ಶುರುವಾಯಿತು. ಎರಡೂ ಭಾಷೆ ಬಲ್ಲ ಮನುಷ್ಯ, ಕಿಟಕಿಯಾಚೆ ನಾನಿರುವುದೂ ಗೊತ್ತು, ಬೇಕಂತಲೇ ಅಂದಿದ್ದರೆ? ಭಂಡಾರ ಮುಟ್ಟಿ ಹೇಳಿ ಎಂದೆ. ಭಂಡಾರ ಮುಟ್ಟಿದ ಮೇಲೆ ಅವರು ಸುಳ್ಳಾಡುವವರಲ್ಲ. "ಇಷ್ಟ ಸಣ್ಣ ಮಾತಿಗೆ ಭಂಡಾರ ಎತ್ತಬಾರ್ದು," ಎಂದು ಎದ್ದು ಕೊಟ್ಟಿಗೆಗೆ ನಡೆದೇಬಿಟ್ಟರು. ಮುಂದೆ ಮಗಳು ಶಾಲೆಯಿಂದ ಬಂದಾಗಲೆಲ್ಲ ಮಾವನವರು ಮೂಗು ಹಿಡಿದುಕೊಂಡು, "ನಾತ ಬಂತು, ನಾತ ಬಂತು!" ಎಂದು ಕೂಗುತ್ತಿದ್ದರು. ಅವಳೂ ಅದನ್ನೇ ಕೂಗುತ್ತ ಕೊಟ್ಟಿಗೆಗೆ ನುಗ್ಗುತ್ತಿದ್ದಳು.

ಕೊನೆಯ ವರ್ಷ ಒಂದು ಕೆಟ್ಟ ಜ್ವರ ಬಂದು ಅವರ ಮೂಗು ಸತ್ತಿತು. ಯಾರಿಗೂ ಹೇಳಲಿಲ್ಲ. ಒಡೆದ ಹಾಲನ್ನು ಮೂಸಿ ಅಡ್ಡಿಯಿಲ್ಲ ಎಂಬಂತೆ ತಲೆಯಾಡಿಸಿದಾಗ ನನಗೆ ತಿಳಿಯಿತು. ಆ ಹಾಲನ್ನು ಗುಟ್ಟಾಗಿ ಚೆಲ್ಲಿದೆ. ಮರುದಿನ ಅವರೇ ಕೊಡವನ್ನು ನನ್ನ ಮುಂದೆ ಹಿಡಿದು, "ನೀ ಒಮ್ಮೆ ನೋಡವಾ," ಎಂದರು. ಮೂಸಿ, "ಚಲೋ ಐತ್ರಿ," ಎಂದೆ. ಅವರು ಮತ್ತೆ ಪರೀಕ್ಷಿಸಲಿಲ್ಲ, ಡೇರಿಗೆ ಕಳಿಸಿಬಿಟ್ಟರು. ನನ್ನನ್ನು ಅಷ್ಟು ನಂಬಿದವರು ಬೇರೆ ಯಾರೂ ಇಲ್ಲ. ಅವತ್ತು ಒಳಗೆ ಹೋಗಿ ಅತ್ತುಬಿಟ್ಟೆ.

ಅವರು ಹೋದ ಮೇಲೆ ಮೊದಲ ಅಮವಾಸ್ಯೆ ಬಂತು. ಸೀಗೆಪುಡಿ ಹಚ್ಚಿ ತಿಕ್ಕಿ ತಿಕ್ಕಿ ಮಿಂದು, ಅವರ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಕರಿ ಎಮ್ಮೆಯ ಬಳಿ ಕುಳಿತೆ. ಅದು ಓರೆಗಣ್ಣಿನಲ್ಲಿ ನೋಡಿತು, ಹಾಲು ಇಳಿಸಲಿಲ್ಲ. ಅಷ್ಟರಲ್ಲಿ ಶಾಲೆಯಿಂದ ಬಂದ ಮಗಳು ಬಾಗಿಲಲ್ಲಿ ನಿಂತು, ಅಜ್ಜ ಇಲ್ಲದ್ದು ಮರೆತು, "ನಾತ ಬಂತು!" ಎಂದಳು. ಎಮ್ಮೆ ಕಿವಿ ಆಡಿಸಿತು. ಕೈಗೆ ಹಾಲು ಬಂತು.

ಕೊಡ ಹೊತ್ತು ಓಣಿಗೆ ಇಳಿದೆ. ಪಕ್ಕದ ಮನೆಯ ಕಾಕು ಬಾಗಿಲಲ್ಲೇ ಕಾದಿದ್ದಳು.

"ಏನ್ರಿ ಸಿಸ್ಟರ್, ಪಂಚಾಯ್ತಿಗೆ ನಿಲ್ಲಾವ್ರೇನು?"

ನಾನು ಕೊಡವನ್ನು ಅವಳ ಮೂಗಿನ ಹತ್ತಿರ ಹಿಡಿದೆ.

"ಮೊದ್ಲ ಮೂಸಿ ನೋಡ್ರಿ ಕಾಕು. ಆಮ್ಯಾಲ ಸಂಶೇ ಪಡ್ರಿ."